ಹೆರುವುದರಲ್ಲಿ ಮುಂದಿದ್ದರೂ ಮೊಲಗಳೇಕೆ ಅಳಿಯುತ್ತಿವೆ?

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೊಲಗಳ ಬಗ್ಗೆ ಜನಸಾಮಾನ್ಯರಲ್ಲಿ ಬೇರೂರಿರುವ ಒಂದು ನಂಬಿಕೆಯೂ ಈ ಗಾದೆಯ ಹಟದಂಥದ್ದೇ. ಮೊಲವೆಂದರೆ ವರ್ಷಕ್ಕೆ ಹತ್ತಾರು ಮರಿಗಳನ್ನು ಹಾಕುವ ಪ್ರಾಣಿ, ಎಷ್ಟು ಬೇಟೆಯಾಡಿದರೂ ಅದರ ಸಂತತಿ ತೀರುವುದಿಲ್ಲ, ಹುಲಿ, ಆನೆ, ಘೇಂಡಾಮೃಗಗಳಿಗೆ ಬಂದ ದುರ್ಗತಿ ಮೊಲಕ್ಕೆ ಬರಲಾರದು ಎಂಬುದೇ ಆ ನಂಬಿಕೆ.

ವಾಸ್ತವ ಬೇರೆಯೇ ಇದೆ. ಐಯುಸಿಎನ್ ಎಂದು ಪರಿಚಿತವಾದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಪ್ರಕಟಿಸುವ ‘ಕೆಂಪು ಪಟ್ಟಿ’ಯಲ್ಲಿ ಹತ್ತಕ್ಕೂ ಅಧಿಕ ಮೊಲದ ಪ್ರಭೇದಗಳು ಅಳಿವಿನ ಭೀತಿ ಎದುರಿಸುತ್ತಿರುವ ಜೀವಿಗಳ ಸಾಲಿನಲ್ಲಿವೆ. ದಕ್ಷಿಣ ಆಫ್ರಿಕಾದ ಒಂದು ಮೊಲವಂತೂ ಆ ಖಂಡದ ಅತ್ಯಂತ ಅಪಾಯದಲ್ಲಿರುವ ಸಸ್ತನಿಗಳ ಪೈಕಿ ಒಂದು. ಭಾರತದ ಅಸ್ಸಾಮಿನಲ್ಲಿರುವ ಒಂದು ಮೊಲ ಸಂಪೂರ್ಣವಾಗಿ ನಶಿಸಿಹೋಯಿತೆಂದು ತಜ್ಞರು ಕೈಚೆಲ್ಲಿ ಕುಳಿತಿದ್ದ ಕಾಲವೂ ಇತ್ತು. ಇನ್ನೂ ಅಚ್ಚರಿಯ ಸಂಗತಿಯೆಂದರೆ, ಜಗತ್ತಿನೆಲ್ಲೆಡೆ ಜನ ಸಾಕುವ ಮೊಲದ ಮೂಲ ಕಾಡುತಳಿಯೇ ತನ್ನ ತವರಿನಲ್ಲಿ ಅಪಾಯದಂಚಿಗೆ ಬಂದು ನಿಂತಿದೆ. ಇಷ್ಟು ಮರಿ ಹಾಕುವ ಪ್ರಾಣಿಗೆ ಈ ಗತಿ ಏಕೆ? ಪ್ರಶ್ನೆ ಸರಳವಾದರೂ ಉತ್ತರ ಒಂದೇ ವಾಕ್ಯದಲ್ಲಿ ಮುಗಿಯುವಂಥದ್ದಲ್ಲ.

ಮೊಲ ಎಂಬ ಒಂದೇ ಹೆಸರು, ಹಲವು ಜೀವಗಳು

ಮೊದಲಿಗೆ ಮೊಲಗಳ ಕುಲಗೋತ್ರವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳಿತು. ಮೊಲವನ್ನು ಇಲಿ, ಹೆಗ್ಗಣ, ಅಳಿಲುಗಳ ಸಂಬಂಧಿಯೆಂದು ಭಾವಿಸುವವರು ಬಹಳ. ಪ್ರಾಣಿಶಾಸ್ತ್ರಜ್ಞರೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದರು. ಆದರೆ ಮೊಲದ ಮೇಲ್ದವಡೆಯಲ್ಲಿ ಎದ್ದು ಕಾಣುವ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳಿರುತ್ತವೆ. ಇಲಿಗಳಿಗೆ ಇವಿಲ್ಲ. ಇಂಥ ಲಕ್ಷಣಗಳ ಆಧಾರದ ಮೇಲೆ 20ನೇ ಶತಮಾನದ ಆರಂಭದಲ್ಲಿ ಮೊಲಗಳನ್ನೂ ಅವುಗಳ ಸಮೀಪ ಬಂಧುಗಳಾದ ಪೈಕಾಗಳನ್ನೂ ಲ್ಯಾಗೊಮಾರ್ಫಾ ಎಂಬ ಪ್ರತ್ಯೇಕ ಗಣಕ್ಕೆ ಸೇರಿಸಲಾಯಿತು. ಇದರಲ್ಲಿ ಮೊಲಗಳ ಕುಟುಂಬದಲ್ಲೇ 60ಕ್ಕೂ ಹೆಚ್ಚು ಪ್ರಭೇದಗಳಿವೆ.

ಕನ್ನಡದಲ್ಲಿ ಇವಕ್ಕೆಲ್ಲ ‘ಮೊಲ’ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ಮಾತ್ರ ರ‍್ಯಾಬಿಟ್ ಮತ್ತು ಹೇರ್ ಎಂಬ ಎರಡು ಹೆಸರುಗಳು. ರ‍್ಯಾಬಿಟ್‌ಗಳು ಸಾಮಾನ್ಯವಾಗಿ ಬಿಲದಲ್ಲಿ ಅಥವಾ ಮುಚ್ಚಿದ ಗೂಡಿನಲ್ಲಿ ಮರಿ ಹಾಕುತ್ತವೆ. ಆ ಮರಿಗಳಿಗೆ ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ತೆರೆದಿರುವುದಿಲ್ಲ. ಹೇರ್‌ಗಳು ಬಯಲಿನ ಹುಲ್ಲಿನ ಮರೆಯಲ್ಲೇ ಈಯುತ್ತವೆ. ಅವುಗಳ ಮರಿಗಳು ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ. ನಮ್ಮ ಹೊಲಗದ್ದೆಗಳ ಬದುವಿನಲ್ಲಿ, ಕುರುಚಲು ಕಾಡಿನಲ್ಲಿ ಸಂಜೆಯಾಗುತ್ತಲೇ ಕಾಣಿಸಿಕೊಳ್ಳುವ ಕಪ್ಪು ಕುತ್ತಿಗೆಯ ಮೊಲ ಎರಡನೆಯ ಗುಂಪಿಗೆ ಸೇರಿದ್ದು. ಮನೆಗಳಲ್ಲಿ ಪಂಜರದಲ್ಲಿಟ್ಟು ಸಾಕುವ ಬಿಳಿ ಮೊಲ ಮೊದಲನೆಯ ಗುಂಪಿನದು.

ಸಾಕುಮೊಲಗಳ ಎಲ್ಲ ತಳಿಗಳೂ ಯುರೋಪಿನ ಒಂದೇ ಒಂದು ಕಾಡುಮೊಲದಿಂದ ಬಂದವು. ಅದು ಸುಮಾರು ಒಂದು ತಿಂಗಳಲ್ಲಿ ಗರ್ಭ ಕಳೆದು ಒಂದೊಂದು ಸೂಲಿಗೆ ನಾಲ್ಕೈದು ಮರಿಗಳನ್ನು ಹಾಕುತ್ತದೆ. ಮೇವು ಚೆನ್ನಾಗಿದ್ದರೆ ವರ್ಷದಲ್ಲಿ ಹಲವು ಬಾರಿ ಈಯುತ್ತದೆ. ಮೊಲಗಳ ಸಂತಾನಶಕ್ತಿಯ ಬಗ್ಗೆ ನಮಗಿರುವ ಕಲ್ಪನೆಯೆಲ್ಲ ಈ ಒಂದು ಪ್ರಭೇದವನ್ನು ನೋಡಿ ಹುಟ್ಟಿದ್ದು. ಉಳಿದವುಗಳ ಸಂಸಾರದ ರೀತಿ ನೀತಿಯೇ ಬೇರೆ.

ಒಂದೇ ಮೊಲಕ್ಕೆ ಎರಡು ಹಣೆಬರಹ

ಮೊದಲು ಈ ಯುರೋಪಿಯನ್ ಮೊಲದ ಕಥೆಯನ್ನೇ ನೋಡೋಣ. 1859ರ ಕ್ರಿಸ್‌ಮಸ್ ದಿನ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯಕ್ಕೆ ಇಂಗ್ಲೆಂಡಿನಿಂದ 24 ಮೊಲಗಳು ಬಂದಿಳಿದವು. ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ವಿನೋದಕ್ಕಾಗಿ ಅವನ್ನು ತರಿಸಿಕೊಂಡಿದ್ದ. ಅರ್ಧ ಶತಮಾನದೊಳಗೆ ಅವುಗಳ ಸಂತತಿ ಖಂಡದ ಬಹುಭಾಗವನ್ನು ಆವರಿಸಿತು. ಬೆಳೆ, ಹುಲ್ಲು, ಎಳೆಯ ಗಿಡ ಯಾವುದೂ ಉಳಿಯಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಸರ್ಕಾರ 1901ರಿಂದ 1907ರವರೆಗೆ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಬೇಲಿಗಳನ್ನು ಹಾಕಿಸಿದರೂ ಮೊಲಗಳು ನಿಲ್ಲಲಿಲ್ಲ. ಆಸ್ಟ್ರೇಲಿಯಾದ ಮೊಲಗಳ ಪೈಕಿ ಬಹುಪಾಲು ಆಸ್ಟಿನ್ ತರಿಸಿದ ಮೊಲಗಳ ವಂಶದವೇ ಎಂಬುದನ್ನು 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ದೃಢಪಡಿಸಿದೆ.

ಇದೇ ಮೊಲದ ತವರು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನೊಳಗೊಂಡ ಐಬೀರಿಯಾ ಪರ್ಯಾಯ ದ್ವೀಪ. ಐಯುಸಿಎನ್ 2019ರಲ್ಲಿ ಈ ಪ್ರಭೇದವನ್ನು ‘ಅಪಾಯದಂಚಿನಲ್ಲಿರುವ’ ಜೀವಿಗಳ ವರ್ಗಕ್ಕೆ ಸೇರಿಸಿತು. ಪರದೇಶದಲ್ಲಿ ಪಿಡುಗು, ತವರಿನಲ್ಲಿ ದುರ್ಲಭ ಎಂಬ ಈ ವೈಪರೀತ್ಯಕ್ಕೆ ಮುಖ್ಯ ಕಾರಣ ರೋಗ. ಆ ರೋಗವನ್ನು ಅಲ್ಲಿಗೆ ಮುಟ್ಟಿಸಿದ್ದು ಮನುಷ್ಯ.

ಮಿಕ್ಸೊಮಾಟೋಸಿಸ್ ಎಂಬುದು ದಕ್ಷಿಣ ಅಮೆರಿಕದ ಮೊಲಗಳಲ್ಲಿ ಇರುವ ವೈರಾಣುವಿನಿಂದ ಬರುವ ಕಾಯಿಲೆ. ಅಲ್ಲಿನ ಮೊಲಗಳಿಗೆ ಅದು ಅಷ್ಟೇನೂ ಮಾರಕವಲ್ಲ. ಯುರೋಪಿಯನ್ ಮೊಲಕ್ಕೆ ಮಾತ್ರ ಮೃತ್ಯು. ಮೊಲಗಳ ಹಾವಳಿ ತಡೆಯಲು ಆಸ್ಟ್ರೇಲಿಯಾ 1950ರಲ್ಲಿ ಈ ವೈರಾಣುವನ್ನು ಬಳಸಿಕೊಂಡಿತು. ಇದನ್ನು ಕೇಳಿ ತಿಳಿದ ಫ್ರಾನ್ಸಿನ ನಿವೃತ್ತ ವೈದ್ಯ ಪಾಲ್ ಫೆಲಿಕ್ಸ್ ಅರ್ಮಾಂ ದೆಲೀಲ್ ಎಂಬುವರು 1952ರಲ್ಲಿ ತಮ್ಮ ಎಸ್ಟೇಟಿನ ಮೊಲಗಳನ್ನು ನಿವಾರಿಸಿಕೊಳ್ಳಲು ಅದೇ ವೈರಾಣುವನ್ನು ಎರಡು ಮೊಲಗಳಿಗೆ ಚುಚ್ಚಿ ಬಿಟ್ಟರು. ಎಸ್ಟೇಟಿನ ಗೋಡೆ ರೋಗವನ್ನು ತಡೆಯಲಿಲ್ಲ. ಎರಡು ವರ್ಷಗಳೊಳಗೆ ಫ್ರಾನ್ಸಿನ ಮೊಲಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಬ್ರಿಟನ್, ಸ್ಪೇನ್ ಸೇರಿದಂತೆ ಇಡೀ ಪಶ್ಚಿಮ ಯುರೋಪಿಗೆ ಕಾಯಿಲೆ ಹಬ್ಬಿತು.

ಅಳಿದುಳಿದ ಮೊಲಗಳು ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೆಯ ಪೆಟ್ಟು ಬಿತ್ತು. 1984ರಲ್ಲಿ ಚೀನಾದ ಸಾಕು ಮೊಲಗಳಲ್ಲಿ ರಕ್ತಸ್ರಾವ ಉಂಟುಮಾಡುವ ಹೊಸ ವೈರಾಣು ರೋಗವೊಂದು ಕಾಣಿಸಿಕೊಂಡಿತು. ಆ ದಶಕ ಮುಗಿಯುವುದರೊಳಗೆ ಅದು ಯುರೋಪಿನಲ್ಲಿತ್ತು. ಮೂರನೆಯದಾಗಿ, 2010ರಲ್ಲಿ ಇದೇ ವೈರಾಣುವಿನ ಹೊಸ ಬಗೆ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಹಳೆಯದು ಎಳೆಯ ಮರಿಗಳನ್ನು ಹೆಚ್ಚಾಗಿ ಬಾಧಿಸುತ್ತಿರಲಿಲ್ಲ. ಹೊಸದು ಮರಿಗಳನ್ನೂ ಬಿಡಲಿಲ್ಲ. ಎಷ್ಟೇ ಮರಿ ಹಾಕಿದರೂ ಅವು ಬೆಳೆದು ಇನ್ನೊಂದು ಪೀಳಿಗೆಯನ್ನು ಕಾಣುವ ಮೊದಲೇ ಸಾಯುವುದಾದರೆ ಹೆಚ್ಚು ಹೆರುವ ಶಕ್ತಿಯಿಂದ ಏನು ಫಲ? ಈ ಹೊಸ ವೈರಾಣು ಹೇರ್‌ಗಳಿಗೂ ತಗಲಬಲ್ಲುದು. 2020ರಲ್ಲಿ ಅಮೆರಿಕದ ನೈಋತ್ಯ ರಾಜ್ಯಗಳ ಕಾಡುಮೊಲಗಳಲ್ಲೂ ಅದು ಕಾಣಿಸಿಕೊಂಡಿತು.

ಮೊಲ ಹೋದರೆ ಹೋಯಿತು ಎನ್ನುವಂತಿಲ್ಲ. ಐಬೀರಿಯಾದ ಕಾಡಿನಲ್ಲಿ ಮೂವತ್ತಕ್ಕೂ ಹೆಚ್ಚು ಬಗೆಯ ಬೇಟೆಪ್ರಾಣಿ, ಹದ್ದುಗಳಿಗೆ ಮೊಲವೇ ಆಹಾರ. ಐಬೀರಿಯನ್ ಲಿಂಕ್ಸ್ ಎಂಬ ಚುಕ್ಕೆಮೈಯ ಕಾಡುಬೆಕ್ಕಂತೂ ಬಹುಮಟ್ಟಿಗೆ ಮೊಲವನ್ನೇ ನಂಬಿ ಬದುಕುವ ಪ್ರಾಣಿ. ಮೊಲಗಳು ಇಳಿಮುಖವಾದಂತೆ ಲಿಂಕ್ಸ್‌ಗಳೂ ಇಳಿದವು. ಈ ಶತಮಾನದ ಆರಂಭದಲ್ಲಿ ನೂರರ ಆಸುಪಾಸಿಗೆ ಕುಸಿದಿದ್ದ ಅವುಗಳ ಸಂಖ್ಯೆಯನ್ನು ವ್ಯವಸ್ಥಿತ ಸಾಕಣೆ ಮತ್ತು ಕಾಡಿಗೆ ಮರುಬಿಡುಗಡೆಯ ಮೂಲಕ ಎರಡು ಸಾವಿರ ದಾಟಿಸಿದ್ದು ಸಂರಕ್ಷಣಾ ಇತಿಹಾಸದ ದೊಡ್ಡ ಯಶಸ್ಸು. 2024ರ ಜೂನ್ ತಿಂಗಳಲ್ಲಿ ಐಯುಸಿಎನ್ ಅದರ ಅಪಾಯದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿತು. ಆ ಕಾರ್ಯಕ್ರಮದಲ್ಲಿ ಲಿಂಕ್ಸ್ ಬಿಡುವ ಮೊದಲು ಕಾಡಿನಲ್ಲಿ ಸಾಕಷ್ಟು ಮೊಲಗಳಿವೆಯೇ ಎಂದು ಖಚಿತಪಡಿಸಿಕೊಳ್ಳುವುದೇ ಮುಖ್ಯ ಕೆಲಸವಾಗಿತ್ತು ಎಂಬುದನ್ನು ಗಮನಿಸಬೇಕು.

ವರ್ಷಕ್ಕೊಂದೇ ಮರಿ ಹಾಕುವ ಮೊಲ

ಹೆಚ್ಚು ಹೆರುವ ಮೊಲದ ಪಾಡು ಇದಾದರೆ, ಕಡಿಮೆ ಹೆರುವ ಮೊಲದ ಗತಿಯೇನು? ಇದಕ್ಕೆ ದಕ್ಷಿಣ ಆಫ್ರಿಕಾದ ಕರೂ ಪ್ರದೇಶದ ‘ನದಿದಂಡೆಯ ಮೊಲ’ ನಿದರ್ಶನ. ಕರೂ ಎಂಬುದು ನಮ್ಮ ಬಯಲುಸೀಮೆಗಿಂತಲೂ ಒಣಗಿದ, ವಿಶಾಲವಾದ ಅರೆಮರುಭೂಮಿ. ಅಲ್ಲಿನ ನದಿಗಳಲ್ಲಿ ಮಳೆ ಬಂದಾಗ ಮಾತ್ರ ನೀರು. ಆ ನದಿಗಳ ಇಕ್ಕೆಲದಲ್ಲಿ ನೆರೆ ತಂದು ಸುರಿದ ಮೆದು ಮೆಕ್ಕಲು ಮಣ್ಣು, ಅದರ ಮೇಲೆ ದಟ್ಟ ಕುರುಚಲು ಪೊದೆಗಳ ಕಿರಿದಾದ ಪಟ್ಟಿ ಇರುತ್ತದೆ. ಈ ಮೊಲದ ಜಗತ್ತೆಂದರೆ ಅಷ್ಟೇ. ಬಿಲ ತೋಡಲು ಅದಕ್ಕೆ ಮೆದು ಮಣ್ಣೇ ಬೇಕು. ಹಗಲು ಅಡಗಲು ಆ ಪೊದೆಗಳೇ ಬೇಕು. ಸುತ್ತಲಿನ ಕಲ್ಲುನೆಲ ಅದಕ್ಕೆ ಒಗ್ಗುವುದಿಲ್ಲ.

ಈ ಮೊಲ ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಒಂದು ಹೆಣ್ಣುಮೊಲ ತನ್ನ ಆಯುಷ್ಯದಲ್ಲಿ ನಾಲ್ಕು ಮರಿಗಳನ್ನು ಕಂಡರೆ ಹೆಚ್ಚು. ಮೆಕ್ಕಲು ಮಣ್ಣು ಮೊಲಕ್ಕೆ ಹೇಗೋ ರೈತನಿಗೂ ಹಾಗೆಯೇ ಇಷ್ಟ. ಒಣಭೂಮಿಯಲ್ಲಿ ಉಳಲು ಯೋಗ್ಯವಾದ ನೆಲವೆಂದರೆ ಅದೊಂದೇ. ಕಳೆದ ನೂರು ವರ್ಷಗಳಲ್ಲಿ ನದಿದಂಡೆಯ ಮೂರನೇ ಎರಡು ಭಾಗಕ್ಕೂ ಹೆಚ್ಚು ನೆಲ ಹೊಲಗಳಾಗಿ ಮಾರ್ಪಟ್ಟಿತು. ಉಳಿದ ಪೊದೆಗಳನ್ನು ಕುರಿಗಳು ಮೇದವು. ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳಿಂದ ನೆರೆಯ ಗತಿ ಬದಲಾಯಿತು. ಮೊಲಗಳು ಒಂದಕ್ಕೊಂದು ಸಂಪರ್ಕವಿಲ್ಲದ ತುಂಡು ತುಂಡು ಜಾಗಗಳಲ್ಲಿ ಉಳಿದವು. ಒಂದು ತುಂಡಿನಲ್ಲಿ ಬರ ಬಂದೋ ಬೇಟೆನಾಯಿಗಳು ನುಗ್ಗಿಯೋ ಮೊಲಗಳು ನಾಶವಾದರೆ ಮತ್ತೊಂದು ತುಂಡಿನಿಂದ ಬಂದು ನೆಲೆಸಲು ದಾರಿಯಿಲ್ಲ.

ಈ ಮೊಲವನ್ನು ವಿಜ್ಞಾನಿಗಳು ಗುರುತಿಸಿದ್ದೇ 20ನೇ ಶತಮಾನದ ಆರಂಭದಲ್ಲಿ. ಆನಂತರ ಹಲವು ದಶಕ ಅದು ಕಣ್ಣಿಗೆ ಬೀಳಲೇ ಇಲ್ಲ. ವಸ್ತುಸಂಗ್ರಹಾಲಯದವರು ಒಂದು ಮೊಲಕ್ಕೆ ಒಂದು ಪೌಂಡ್ ಬಹುಮಾನ ಘೋಷಿಸಿದ್ದರಿಂದ ಸ್ಥಳೀಯರು ಅದನ್ನು ‘ಪೌಂಡಿನ ಮೊಲ’ ಎಂದೇ ಕರೆದರು. ಈಗ ಇದು ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯ’ದ ವರ್ಗದಲ್ಲಿದೆ. ಇದರ ನೆಲೆಯ ಬಹುಭಾಗ ಖಾಸಗಿ ಜಮೀನುಗಳಲ್ಲಿರುವುದರಿಂದ ಕೇವಲ ಅಭಯಾರಣ್ಯ ಘೋಷಿಸಿ ಇದನ್ನು ಉಳಿಸಲಾಗದು. ಹೀಗಾಗಿ ಅಲ್ಲಿನ ಸಂರಕ್ಷಣಾ ಸಂಸ್ಥೆಗಳು ಜಮೀನುದಾರರ ಮನವೊಲಿಸಿ, ನದಿದಂಡೆಯ ಪೊದೆಗಳನ್ನು ಬಿಡುವಂತೆ, ಕುರಿ ಮೇಯಿಸುವುದನ್ನು ಮಿತಗೊಳಿಸುವಂತೆ ಒಪ್ಪಂದ ಮಾಡಿಕೊಳ್ಳುವ ದಾರಿ ಹಿಡಿದಿವೆ.

ಹುಲ್ಲಿಗೆ ಹಚ್ಚಿದ ಬೆಂಕಿ

ಚಂದ್ರನ ಮೈಮೇಲಿನ ಕಲೆಯಲ್ಲಿ ಮೊಲವನ್ನು ಕಂಡು ನಮ್ಮ ಹಿರಿಯರು ಅವನನ್ನು ‘ಶಶಾಂಕ’ ಎಂದರು. ಮೆಕ್ಸಿಕೋದ ಪ್ರಾಚೀನ ಅಜ್ಟೆಕ್ ಜನರೂ, ಜಪಾನೀಯರೂ ಅಲ್ಲಿ ಮೊಲವನ್ನೇ ಕಂಡರು. ವಿಪರ್ಯಾಸವೆಂದರೆ ಈ ಮೂರೂ ನಾಡುಗಳಲ್ಲಿ ಇಂದು ನೆಲದ ಮೇಲಿನ ಒಂದೊಂದು ಮೊಲ ವಿನಾಶದ ಅಂಚಿನಲ್ಲಿದೆ.

ಮೆಕ್ಸಿಕೋದ ‘ಜ್ವಾಲಾಮುಖಿ ಮೊಲ’ ಅರ್ಧ ಕಿಲೋ ಆಸುಪಾಸು ತೂಗುವ, ಗಿಡ್ಡ ಕಿವಿಯ, ಬಾಲವೇ ಕಾಣದ ಪುಟ್ಟ ಪ್ರಾಣಿ. ರಾಜಧಾನಿ ಮೆಕ್ಸಿಕೋ ನಗರದ ದಕ್ಷಿಣಕ್ಕೂ ಪೂರ್ವಕ್ಕೂ ಇರುವ ಪೊಪೊಕಟೆಪೆಟ್ಲ್, ಇಸ್ತಾಸಿವಾಟ್ಲ್ ಮೊದಲಾದ ಜ್ವಾಲಾಮುಖಿ ಪರ್ವತಗಳ ಇಳಿಜಾರಿನಲ್ಲಿ, ಸುಮಾರು 2,800 ಮೀಟರಿಗೂ ಎತ್ತರದಲ್ಲಿ ಮಾತ್ರ ಅದರ ವಾಸ. ಸ್ಥಳೀಯ ನಾವಾಟ್ಲ್ ಭಾಷೆಯಿಂದ ಬಂದ ಅದರ ಹೆಸರಿಗೆ ‘ಹುಲ್ಲಿನ ಮೊಲ’ ಎಂದೇ ಅರ್ಥ. ಬುಡದಲ್ಲಿ ಗುಂಪುಗುಂಪಾಗಿ ಎತ್ತರಕ್ಕೆ ಬೆಳೆಯುವ ಗಟ್ಟಿ ಹುಲ್ಲೇ ಅದಕ್ಕೆ ಮನೆ, ಮೇವು, ಓಡಾಡುವ ಓಣಿ ಎಲ್ಲವೂ. ದನಕುರಿಗಳಿಗೆ ಎಳೆ ಚಿಗುರು ಬರಲೆಂದು ಜನ ಈ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ಉಳಿದ ಹುಲ್ಲು ಹೊಲಗಳಿಗೆ, ರಸ್ತೆಗಳಿಗೆ, ಕೋಟ್ಯಂತರ ಜನರ ಮಹಾನಗರದ ವಿಸ್ತರಣೆಗೆ ಬಲಿಯಾಗುತ್ತಿದೆ. ಭೂಮಿಯ ತಾಪ ಏರಿದಂತೆ ತಂಪನ್ನರಸಿ ಮೊಲ ಮೇಲೇರಬೇಕು. ಪರ್ವತಕ್ಕೆ ಶಿಖರವೆಂಬ ಕೊನೆಯಿದೆ. ಅದರಾಚೆ ಏರಲು ಸ್ಥಳವಿಲ್ಲ.

ಭಾರತದ ಕಥೆಯೂ ಹುಲ್ಲಿನದ್ದೇ. ಹಿಮಾಲಯದ ತಪ್ಪಲಿನಲ್ಲಿ ಉತ್ತರ ಪ್ರದೇಶದಿಂದ ಅಸ್ಸಾಮಿನವರೆಗೆ ಹಬ್ಬಿದ್ದ ಎತ್ತರದ ಹುಲ್ಲುಗಾವಲುಗಳಲ್ಲಿ ‘ಹಿಸ್ಪಿಡ್ ಹೇರ್’ ಎಂಬ ಒರಟುಗೂದಲಿನ ಮೊಲ ವಾಸವಾಗಿದೆ. ಗಾಢ ಕಂದು ಬಣ್ಣ, ಸಣ್ಣ ಕಿವಿ, ಗಿಡ್ಡ ಕಾಲುಗಳ ಈ ಮೊಲ ನಮ್ಮ ಬಯಲಿನ ಮೊಲದಂತೆ ಬಾಣದ ವೇಗದಲ್ಲಿ ಓಡಲಾರದು. ಆಳೆತ್ತರದ ಹುಲ್ಲಿನೊಳಗೆ ನುಸುಳಿ ಮರೆಯಾಗುವುದೇ ಅದರ ರಕ್ಷಣೆ. 1960ರ ದಶಕದಲ್ಲಿ ಇದು ನಿರ್ನಾಮವಾಗಿರಬಹುದೆಂದು ಭಾವಿಸಲಾಗಿತ್ತು. 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಪತ್ತೆಯಾಯಿತು. ಇಂದು ಮಾನಸ್, ದುಧ್ವಾ, ಜಲದಾಪಾರ, ನೇಪಾಳದ ಶುಕ್ಲಾಫಾಂಟ, ಬರ್ದಿಯಾ ಮುಂತಾದ ಕೆಲವೇ ಸಂರಕ್ಷಿತ ತಾಣಗಳಲ್ಲಿ ಚದುರಿ ಉಳಿದಿದೆ. ನೇಪಾಳದ ಚಿತ್ವನ್ ರಾಷ್ಟ್ರೀಯ ಉದ್ಯಾನದಲ್ಲಿ 1984ರ ನಂತರ ಕಾಣದಿದ್ದ ಈ ಮೊಲ 2016ರಲ್ಲಿ ಮತ್ತೆ ಕ್ಯಾಮೆರಾಕ್ಕೆ ಸಿಕ್ಕಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆಗಳಿರುವ ಮೊದಲನೇ ಅನುಸೂಚಿಯಲ್ಲೇ ಇದಕ್ಕೂ ಸ್ಥಾನವಿದೆ.

ಕಾಯ್ದೆಯ ರಕ್ಷಣೆಯಿದ್ದರೂ ಇದರ ಸಂಕಟ ತೀರಿಲ್ಲ. ತೆರಾಯಿ ಪ್ರದೇಶದ ಹುಲ್ಲುಗಾವಲಿನ ಬಹುಭಾಗ ಭತ್ತದ ಗದ್ದೆ, ಕಬ್ಬಿನ ತೋಟ, ಊರುಗಳಾಗಿ ಹೋಗಿದೆ. ಉಳಿದಿರುವುದು ಹೆಚ್ಚಾಗಿ ರಾಷ್ಟ್ರೀಯ ಉದ್ಯಾನಗಳ ಒಳಗಿನ ಹುಲ್ಲು. ಅಲ್ಲಿಯೂ ಬೇಸಗೆಗೆ ಮುನ್ನ ಹುಲ್ಲಿಗೆ ಬೆಂಕಿ ಕೊಡುವ ಪದ್ಧತಿಯಿದೆ. ಬೆಂಕಿ ಹಾಕದೆ ಬಿಟ್ಟರೆ ಹುಲ್ಲುಗಾವಲು ಕ್ರಮೇಣ ಕಾಡಾಗುತ್ತದೆ. ಹಾಕಿದರೆ ಜಿಂಕೆ, ಘೇಂಡಾಮೃಗಗಳಿಗೆ ಹೊಸ ಚಿಗುರು ಸಿಗುತ್ತದೆ. ಆದ್ದರಿಂದ ಬೆಂಕಿಯೇ ತಪ್ಪೆನ್ನುವಂತಿಲ್ಲ. ತೊಂದರೆಯಿರುವುದು ಸಮಯದಲ್ಲಿ ಮತ್ತು ವಿಸ್ತಾರದಲ್ಲಿ. ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಈ ಮೊಲ ಮರಿ ಹಾಕುವ ಕಾಲ. ಹುಲ್ಲು ಸುಡುವುದೂ ಹೆಚ್ಚಾಗಿ ಅದೇ ಕಾಲದಲ್ಲಿ. ಒಂದೇ ಬಾರಿಗೆ ಇಡೀ ಬಯಲು ಸುಟ್ಟರೆ ಮರಿಗಳು ಬೂದಿಯಾಗುತ್ತವೆ. ತಪ್ಪಿಸಿಕೊಂಡ ದೊಡ್ಡ ಮೊಲಗಳು ಮರೆಯಿಲ್ಲದ ಹೊಳೆದಂಡೆಗೆ ಬಂದು ನರಿ, ಹದ್ದುಗಳ ಬಾಯಿಗೆ ಬೀಳುತ್ತವೆ. ಮನೆಗೆ ಹೊದಿಸಲು ಹುಲ್ಲು ಕೊಯ್ಯುವ ಋತುವೂ ಇದೇ.

ಇದಕ್ಕೆ ತಜ್ಞರು ಸೂಚಿಸುವ ಪರಿಹಾರ ದುಬಾರಿಯದಲ್ಲ. ಬಯಲನ್ನು ಭಾಗಗಳಾಗಿ ವಿಂಗಡಿಸಿ ವರ್ಷಕ್ಕೊಂದು ಭಾಗವನ್ನು ಸರದಿಯ ಮೇಲೆ ಸುಡುವುದು, ಸುಡುವ ಕೆಲಸವನ್ನು ಮರಿ ಹಾಕುವ ಕಾಲಕ್ಕೆ ಮೊದಲೇ ಮುಗಿಸುವುದು, ನಡುನಡುವೆ ಹುಲ್ಲಿನ ಆಸರೆ ಬಿಡುವುದು, ಇಷ್ಟೇ. ಇದೇ ಹುಲ್ಲಿನಲ್ಲಿ ಬದುಕುವ, ಮೊಲಕ್ಕಿಂತ ತುಸು ದೊಡ್ಡದಾದ ಕುಬ್ಜ ಹಂದಿಗಾಗಿ ಅಸ್ಸಾಮಿನಲ್ಲಿ ಎರಡು ದಶಕಗಳಿಗೂ ಮೇಲ್ಪಟ್ಟು ನಡೆದಿರುವ ಸಂರಕ್ಷಣಾ ಕಾರ್ಯ ಈ ಮೊಲಕ್ಕೂ ಪರೋಕ್ಷ ನೆರವಾಗಿದೆ.

ತಂತಿಯ ಉರುಳು

ಬೇಟೆಯಿಂದ ಮೊಲಗಳು ಅಳಿಯುವುದಿಲ್ಲವೆಂಬ ಮಾತು ಎಲ್ಲೆಡೆ ಸಲ್ಲದು. ವಿಯೆಟ್ನಾಂ ಮತ್ತು ಲಾವೋಸ್ ಗಡಿಯ ಅನ್ನಮೈಟ್ ಪರ್ವತಶ್ರೇಣಿಯಲ್ಲಿ ಹುಲಿಯಂತೆ ಮೈಮೇಲೆ ಕಪ್ಪು ಪಟ್ಟೆಗಳಿರುವ ಮೊಲವೊಂದಿದೆ. 1990ರ ದಶಕದಲ್ಲಿ ಲಾವೋಸಿನ ಸಂತೆಯೊಂದರಲ್ಲಿ ಮಾಂಸಕ್ಕಾಗಿ ಇಟ್ಟಿದ್ದ ಮೊಲಗಳನ್ನು ನೋಡಿ ವಿಜ್ಞಾನಿಗಳಿಗೆ ಇದರ ಸುಳಿವು ಸಿಕ್ಕಿತು. 2000ದಲ್ಲಿ ಹೊಸ ಪ್ರಭೇದವೆಂದು ಹೆಸರಿಡಲಾಯಿತು. ಹೆಸರಿಟ್ಟ ಎರಡೇ ದಶಕಗಳಲ್ಲಿ ಅದು ಅಪಾಯದಂಚಿನ ಪಟ್ಟಿ ಸೇರಿತು.

ಇಲ್ಲಿ ಕಾಡು ಕಡಿಮೆಯಾದುದಕ್ಕಿಂತಲೂ ದೊಡ್ಡ ಕಂಟಕ ಉರುಳು. ಬೈಸಿಕಲ್ ಬ್ರೇಕಿನ ತಂತಿಯಂಥ ಅಗ್ಗದ ತಂತಿಯಿಂದ ಮಾಡಿದ ಉರುಳುಗಳನ್ನು ಕಾಡಿನುದ್ದಕ್ಕೂ ಸಾಲಾಗಿ ಹೂಡುತ್ತಾರೆ. ನಗರಗಳಲ್ಲಿ ಕಾಡುಮಾಂಸಕ್ಕಿರುವ ಬೇಡಿಕೆಯೇ ಇದಕ್ಕೆ ಪ್ರೇರಣೆ. ಉರುಳಿಗೆ ಇಂಥದೇ ಪ್ರಾಣಿ ಎಂಬ ಭೇದವಿಲ್ಲ. ಮಧ್ಯ ವಿಯೆಟ್ನಾಮಿನ ಎರಡು ಸಂರಕ್ಷಿತ ಅರಣ್ಯಗಳಲ್ಲಿ ಕಾವಲುಗಾರರು ಕೆಲವೇ ವರ್ಷಗಳಲ್ಲಿ ಲಕ್ಷಕ್ಕೂ ಹೆಚ್ಚು ಉರುಳುಗಳನ್ನು ಕಿತ್ತೆಸೆದರು. ಮರಗಳೆಲ್ಲ ಹಾಗೆಯೇ ನಿಂತಿದ್ದರೂ ಪ್ರಾಣಿಗಳಿಲ್ಲದ ಬರಿದು ಕಾಡುಗಳು ಅಲ್ಲಿ ಸೃಷ್ಟಿಯಾಗುತ್ತಿವೆ.

ಹಾವಿಗೆಂದು ತಂದ ಮುಂಗುಸಿ

ಜಪಾನಿನ ದಕ್ಷಿಣಕ್ಕಿರುವ ಅಮಾಮಿ ಓಶಿಮಾ ಮತ್ತು ತೊಕುನೊಶಿಮಾ ಎಂಬ ಎರಡು ದ್ವೀಪಗಳ ಹೊರತು ಜಗತ್ತಿನ ಬೇರೆಲ್ಲೂ ಇಲ್ಲದ ಕಪ್ಪು ಮೊಲವೊಂದಿದೆ. ಇದು ಬಹು ಪ್ರಾಚೀನ ವಂಶದ ಕುಡಿ. ಮೊಲವನ್ನು ಬೇಟೆಯಾಡುವ ಸಸ್ತನಿಗಳು ದ್ವೀಪದಲ್ಲಿ ಮೊದಲಿನಿಂದಲೂ ಇರದಿದ್ದ ಕಾರಣ ಉದ್ದ ಕಿವಿಯಾಗಲೀ ಓಡುವ ಕಾಲಾಗಲೀ ಇದಕ್ಕೆ ಬೇಕಾಗಲಿಲ್ಲ. ಒಂದೊಂದು ಸೂಲಿಗೆ ಒಂದೋ ಎರಡೋ ಮರಿ. ತಾಯಿ ಮರಿಯನ್ನು ಬಿಲದಲ್ಲಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚುತ್ತದೆ. ರಾತ್ರಿ ಬಂದು ಮಣ್ಣು ಸರಿಸಿ ಹಾಲೂಡಿಸಿ ಮತ್ತೆ ಮುಚ್ಚಿಹೋಗುತ್ತದೆ. 1921ರಲ್ಲೇ ಜಪಾನ್ ಸರ್ಕಾರ ಇದನ್ನು ರಾಷ್ಟ್ರದ ‘ನೈಸರ್ಗಿಕ ಸ್ಮಾರಕ’ವೆಂದು ಘೋಷಿಸಿತ್ತು.

1979ರಲ್ಲಿ ಅಮಾಮಿ ಓಶಿಮಾಕ್ಕೆ ಸುಮಾರು 30 ಮುಂಗುಸಿಗಳನ್ನು ತಂದು ಬಿಡಲಾಯಿತು. ಅಲ್ಲಿನ ಹಬು ಎಂಬ ವಿಷಸರ್ಪವನ್ನು ಅವು ಕೊಲ್ಲುತ್ತವೆ ಎಂಬ ಲೆಕ್ಕಾಚಾರ. ಹಾವು ಸಂಚರಿಸುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಎರಡೂ ಎದುರಾಗುವ ಸಂದರ್ಭವೇ ಕಡಿಮೆ. ಹಾವು ಸಿಗದ ಮುಂಗುಸಿಗಳಿಗೆ ಮೊಲ, ಹಕ್ಕಿ, ಕಪ್ಪೆಗಳು ಸಿಕ್ಕವು. 2000ದ ಹೊತ್ತಿಗೆ ಮುಂಗುಸಿಗಳ ಸಂಖ್ಯೆ ಹತ್ತು ಸಾವಿರಕ್ಕೆ ಏರಿತು. 2003ರ ಅಂದಾಜಿನಂತೆ ಅಮಾಮಿಯಲ್ಲಿ ಉಳಿದಿದ್ದ ಮೊಲಗಳು 2,000ದಿಂದ 4,800 ಮಾತ್ರ. ಈ ನಡುವೆ ಗಾಲ್ಫ್ ಮೈದಾನಕ್ಕಾಗಿ ಕಾಡು ಕಡಿಯುವುದನ್ನು ವಿರೋಧಿಸಿ 1995ರಲ್ಲಿ ಹೂಡಿದ ಮೊಕದ್ದಮೆಯೊಂದರಲ್ಲಿ ಈ ಮೊಲವನ್ನೇ ಫಿರ್ಯಾದಿಯೆಂದು ಹೆಸರಿಸಲಾಗಿತ್ತು. ಕಾನೂನಿನ ದೃಷ್ಟಿಯಲ್ಲಿ ಮೊಕದ್ದಮೆ ನಿಲ್ಲದಿದ್ದರೂ ಜನರ ಗಮನ ಮೊಲದ ಕಡೆಗೆ ತಿರುಗಿತು.

ಸರ್ಕಾರ ತನ್ನ ತಪ್ಪನ್ನು ತಿದ್ದಿಕೊಳ್ಳಲು ಮುಂದಾಯಿತು. 2005ರಲ್ಲಿ ಮುಂಗುಸಿ ಹಿಡಿಯುವುದಕ್ಕೆಂದೇ ತರಬೇತಾದ ತಂಡ ರಚನೆಯಾಯಿತು. ಕಾಡಿನ ತುಂಬ ಸಾವಿರಾರು ಬೋನುಗಳನ್ನಿಟ್ಟು, ವಾಸನೆ ಹಿಡಿಯುವ ನಾಯಿಗಳನ್ನು ಬಿಟ್ಟು ಶೋಧಿಸಿದರು. ಕೊನೆಯ ಮುಂಗುಸಿ ಸೆರೆಸಿಕ್ಕಿದ್ದು 2018ರ ಏಪ್ರಿಲ್‌ನಲ್ಲಿ. ಮುಂದೆ ಆರು ವರ್ಷಗಳ ಕಾಲ ಒಂದೂ ಕಾಣದ್ದನ್ನು ಖಚಿತಪಡಿಸಿಕೊಂಡು 2024ರ ಸೆಪ್ಟೆಂಬರ್‌ನಲ್ಲಿ ದ್ವೀಪ ಮುಂಗುಸಿಮುಕ್ತವಾಯಿತೆಂದು ಸಾರಲಾಯಿತು. ಮೊಲಗಳು ಕಾಡಿನ ತುಂಬ ಮತ್ತೆ ಹರಡಿಕೊಂಡಿವೆ. ಬೀಡುಬೆಕ್ಕುಗಳ ಕಾಟ, ರಾತ್ರಿ ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ಸಾಯುವುದು ಇನ್ನೂ ತಪ್ಪಿಲ್ಲ. ಮೂವತ್ತು ಪ್ರಾಣಿಗಳನ್ನು ತಂದು ಬಿಡಲು ಒಂದು ದಿನ ಸಾಕಾಯಿತು. ಅವುಗಳ ಸಂತತಿಯನ್ನು ತೆಗೆಯಲು ಎರಡು ದಶಕಗಳು ಹಿಡಿದವು.

ತಡವಾಗಿ ಬಂದ ವೈದ್ಯ

ಸಕಾಲದಲ್ಲಿ ಎಚ್ಚೆತ್ತರೆ ಅಮಾಮಿಯ ಫಲ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ಕಣಿವೆಯ ಕುಬ್ಜ ಮೊಲ ಸಾಕ್ಷಿ. ಕುಬ್ಜ ಮೊಲ ಜಗತ್ತಿನ ಅತಿ ಚಿಕ್ಕ ಮೊಲ. ಈ ಕಣಿವೆಯಲ್ಲಿದ್ದುದು ಉಳಿದ ಕುಬ್ಜ ಮೊಲಗಳಿಂದ ಸಾವಿರಾರು ವರ್ಷ ಬೇರ್ಪಟ್ಟಿದ್ದ ಬಳಗ. ಚಳಿಗಾಲದಲ್ಲಿ ಅದಕ್ಕೆ ಸೇಜ್‌ಬ್ರಷ್ ಎಂಬ ಪೊದೆಯೇ ಆಹಾರ. ಪೊದೆಗಳ ನೆಲ ಹೊಲವಾಗುತ್ತ ಹೋಗಿ, ಕೊನೆಗೆ 2001ರ ನಂತರ 16 ಮೊಲಗಳನ್ನು ಹಿಡಿದು ಸಾಕಣೆಗೆ ತರಲಾಯಿತು. ಅಷ್ಟು ಸಣ್ಣ ಗುಂಪಿನಲ್ಲಿ ರಕ್ತಸಂಬಂಧದೊಳಗೇ ಸಂತಾನವಾಗಬೇಕಾಗಿ ಬಂದು ಮರಿಗಳು ದುರ್ಬಲವಾದವು. ಗತ್ಯಂತರವಿಲ್ಲದೆ ಐಡಹೊ ರಾಜ್ಯದ ಮೊಲಗಳೊಂದಿಗೆ ಕೂಡಿಸಬೇಕಾಯಿತು. ಶುದ್ಧ ತಳಿಯ ಕೊನೆಯ ಮೊಲ 2008ರಲ್ಲಿ ಸತ್ತಿತು. ಮಿಶ್ರತಳಿಯ ಮೊಲಗಳನ್ನು ಕಾಡಿಗೆ ಬಿಡುವ ಕೆಲಸ ನಡೆದಿದೆಯಾದರೂ 2017 ಮತ್ತು 2020ರ ಕಾಳ್ಗಿಚ್ಚುಗಳು ಆ ಶ್ರಮವನ್ನು ಹಿಂದಕ್ಕೆ ತಳ್ಳಿದವು.

ಫ್ಲಾರಿಡಾದ ಕೆಳ ದ್ವೀಪಗಳ ಜೌಗುಮೊಲದ ಎದುರಿಗಿರುವುದು ಇನ್ನೊಂದು ಬಗೆಯ ಸಂಕಟ. ಸಮುದ್ರಮಟ್ಟ ಏರುತ್ತಿದೆ. ನೀರಿನಿಂದ ಹಿಂದೆ ಸರಿಯಲು ನೋಡಿದರೆ ಹಿಂದಿರುವುದು ಮನೆ, ಹೋಟೆಲು, ರಸ್ತೆಗಳು. ಅಲ್ಲಿ ಸಾಕುಬೆಕ್ಕುಗಳು ಕಾದಿರುತ್ತವೆ.

ನಮ್ಮ ಬಯಲಿನ ಪಾಠ

ಈ ಎಲ್ಲ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊಲದ ಸಂತಾನಶಕ್ತಿ ನರಿ, ಹದ್ದು, ಹಾವುಗಳಿಂದ ಆಗುವ ನಷ್ಟವನ್ನು ತುಂಬಿಕೊಳ್ಳಲು ನಿಸರ್ಗ ಕೊಟ್ಟ ಉಪಾಯ. ಹುಲ್ಲು ಸುಟ್ಟುಹೋದರೆ, ದಂಡೆ ಹೊಲವಾದರೆ, ದೂರದೇಶದ ರೋಗ ಬಂದು ಮರಿಗಳನ್ನೇ ಕೊಂದರೆ ಆ ಉಪಾಯ ಕೆಲಸಕ್ಕೆ ಬಾರದು. ಅಳಿವಿನಂಚಿನಲ್ಲಿರುವ ಬಹುತೇಕ ಮೊಲಗಳು ಒಂದೇ ಬಗೆಯ ನೆಲಕ್ಕೆ, ಒಂದೇ ಬಗೆಯ ಹುಲ್ಲಿಗೆ ಕಟ್ಟುಬಿದ್ದವು. ಆ ನೆಲ ಹೋದ ಮೇಲೆ ಅವುಗಳಿಗೆ ಬೇರೆ ಮನೆಯಿಲ್ಲ.

ಕರ್ನಾಟಕದ ಕಪ್ಪು ಕುತ್ತಿಗೆಯ ಮೊಲ ಸದ್ಯಕ್ಕೆ ಅಪಾಯದ ಪಟ್ಟಿಯಲ್ಲಿಲ್ಲ. ಹೊಲ, ಕುರುಚಲು, ಹುಲ್ಲುಗಾವಲು ಎಲ್ಲೆಡೆ ಹೊಂದಿಕೊಳ್ಳುವ ಗುಣ ಅದನ್ನು ಕಾಪಾಡಿದೆ. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ. ಅದನ್ನು ಬೇಟೆಯಾಡುವುದು ಕಾನೂನಿಗೆ ವಿರುದ್ಧವಾದರೂ ಹಬ್ಬದ ನೆಪದಲ್ಲಿ ಬಲೆ, ನಾಯಿಗಳೊಂದಿಗೆ ಮೊಲದ ಬೇಟೆಗೆ ಹೊರಡುವ ವಾಡಿಕೆ ರಾಜ್ಯದ ಕೆಲವೆಡೆ ಇನ್ನೂ ಉಳಿದಿದೆ. ಅದಕ್ಕಿಂತ ಗಂಭೀರವಾದದ್ದು, ಮರಗಳಿಲ್ಲದ ಬಯಲನ್ನು ‘ಪಾಳುಭೂಮಿ’ ಎಂದು ಕಡತಗಳಲ್ಲಿ ಬರೆದುಕೊಳ್ಳುವ ನಮ್ಮ ಅಭ್ಯಾಸ. ಪಾಳು ಎಂದು ಬರೆದ ಮೇಲೆ ಅಲ್ಲಿ ನೀಲಗಿರಿ ನೆಡುವುದಕ್ಕಾಗಲೀ, ಬಡಾವಣೆ ಮಾಡುವುದಕ್ಕಾಗಲೀ ಯಾರ ಮನಸ್ಸೂ ಅಳುಕುವುದಿಲ್ಲ. ಹುಲ್ಲುಗಾವಲು ಹೋದ ಕಡೆಗಳಲ್ಲಿ ತೋಳ, ಎರ‍್ಲಡ್ಡು ಹಕ್ಕಿ, ಕೃಷ್ಣಮೃಗಗಳಿಗೂ ನೆಲೆ ತಪ್ಪಿದೆ.

ಹುಲಿಯನ್ನು ಉಳಿಸಲು ನಮ್ಮಲ್ಲಿ ಯೋಜನೆಗಳಿವೆ, ಹಣವಿದೆ, ಜನಾಭಿಪ್ರಾಯವೂ ಇದೆ. ಅಸ್ಸಾಮಿನ ಹುಲ್ಲಿನಲ್ಲಿ ಅಡಗಿರುವ ಒರಟುಗೂದಲಿನ ಮೊಲಕ್ಕೆ ಬೇಕಾಗಿರುವುದು ಅಷ್ಟು ದೊಡ್ಡದೇನಲ್ಲ. ಅದು ಮರಿ ಹಾಕುವ ಮೂರು ತಿಂಗಳು ಬೆಂಕಿಪೆಟ್ಟಿಗೆಯನ್ನು ಕಿಸೆಯಲ್ಲೇ ಇಟ್ಟುಕೊಂಡರೆ ಸಾಕು.